ಸರ್ಕಾರಿ ಬಾಕಿ ವಸೂಲಾತಿಯಲ್ಲಿ ಕಾನೂನು ಸಹಾಯಕ ಕೆಲಸ: ಕಲಬುರಗಿ ಕಡೆ ಯಾರಾದರೂ ಮಾಡಿದ್ದೀರಾ?

ತೊಗರಿ ಹೊಲ
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲೇ ಎಲ್‌ಎಲ್‌ಬಿ ಮುಗಿಸಿ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿದ್ದೇನೆ. ಈಗ ಒಂದು ಸರ್ಕಾರಿ ಕಚೇರಿಯ ವಸೂಲಾತಿ ಶಾಖೆಯಲ್ಲಿ ಗುತ್ತಿಗೆ ಮೇಲೆ ಕಾನೂನು ಸಹಾಯಕ ಕೆಲಸ ಸಿಗುವ ಹಾಗಿದೆ. ಸಾಲದ ಕಂತು, ರಾಯಲ್ಟಿ, ದಂಡ ಇಂಥ ಬಾಕಿಗಳ ಕಡತ ನೋಡುವುದು ಅಂತ ಹೇಳಿದ್ದಾರೆ.
ಮನೆಯಲ್ಲಿ ಅಪ್ಪನಿಗೆ ಇಷ್ಟ ಇಲ್ಲ. "ಬಡವರ ಹೊಟ್ಟೆ ಮೇಲೆ ಹೊಡೆಯೋ ನೌಕರಿ ಯಾಕೆ ಬೇಕು" ಅಂತಾರೆ. ಸೀನಿಯರ್ ಕೇಳಿದರೆ "ಅಲ್ಲಿ ಕಾನೂನು ಕಲಿಯೋದಿಲ್ಲ, ಪೋಸ್ಟ್ ಕವರ್ ಅಂಟಿಸೋದು ಕಲೀತೀಯ" ಅಂದರು. ನಿಜವಾಗಿ ಏನು ಕೆಲಸ ಇರುತ್ತದೆ? ಹಳ್ಳಿಗೆ ಜಪ್ತಿಗೆ ಹೋಗಬೇಕಾ? ಮುಂದೆ ಉಪಯೋಗಕ್ಕೆ ಬರುತ್ತದಾ?

ಬಿಸಿಲು ಸಾಕು
ಸಂಬಳ ಎಷ್ಟು? ಅದನ್ನು ಮೊದಲು ಹೇಳಿ.

ತೊಗರಿ ಹೊಲ
ಜೂನಿಯರ್‌ಗೆ ಸೀನಿಯರ್ ಕೊಡೋದಕ್ಕಿಂತ ಜಾಸ್ತಿ. ಅಂದರೆ ಏನೂ ದೊಡ್ಡದಲ್ಲ ಅಂತ ಅರ್ಥ ಮಾಡಿಕೊಳ್ಳಿ.

ಹಳೇ ಗುಮಾಸ್ತ
ತಮ್ಮಾ, ನಿಮ್ಮ ಸೀನಿಯರ್ ಹೇಳಿದ್ದು ಅರ್ಧ ಖರೇ. ಕವರ್ ಅಂಟಿಸಬೇಕಾಗುತ್ತದೆ. ಆದರೆ ವಸೂಲಾತಿಯ ಅರ್ಧ ಕೇಸು ಇರೋದು ಆ ಕವರಿನಲ್ಲೇ.
ನಾನು ಇಂಥದೇ ಶಾಖೆಯಲ್ಲಿದ್ದು ನಿವೃತ್ತನಾದವನು. ಜೀಪಿನಲ್ಲಿ ಹೋಗಿ ಮನೆ ಮುಂದೆ ನಿಂತು ರೊಕ್ಕ ಕೇಳೋ ಕೆಲಸ ಅಂತ ಮಂದಿ ತಿಳಿದಿದ್ದಾರೆ. ಅದು ತಹಸೀಲ್ದಾರ್ ಕಚೇರಿಯವರ ಪಾಲಿಗೆ ಬರುತ್ತದೆ. ಕಾನೂನು ಸಹಾಯಕರು ಕಡತ ಓದಬೇಕು. ಈ ಬಾಕಿ ಹುಟ್ಟಿದ್ದು ಯಾವ ಆದೇಶದಿಂದ? ಆ ಆದೇಶ ಬಾಕಿದಾರನ ಕೈಗೆ ಮುಟ್ಟಿದೆಯಾ? ಅಸಲು ಎಷ್ಟು, ಬಡ್ಡಿ ಎಲ್ಲಿಂದ ಹಾಕಿದ್ದಾರೆ? ವಸೂಲಿಗೆ ಕಾನೂನು ಕೊಟ್ಟ ಕಾಲಮಿತಿ ಇನ್ನೂ ಉಳಿದಿದೆಯಾ? ಇಷ್ಟಕ್ಕೆ ಕಾಗದ ಸಿಕ್ಕರೆ ಮಾತ್ರ ಮುಂದಿನ ನೋಟಿಸ್. ಸಿಗದಿದ್ದರೆ ಟಿಪ್ಪಣಿ ಬರೆದು ವಾಪಸ್. ಸಾಹೇಬರು ಸಿಟ್ಟಾಗುತ್ತಾರೆ. ಆಗಲಿ.
ಹೆಸರಿನ ವಿಷಯ ಒಂದು ಹೇಳ್ತೀನಿ. ಶರಣಬಸವೇಶ್ವರರ ಊರಲ್ಲಿ ಶರಣಬಸಪ್ಪ ಅನ್ನೋ ಹೆಸರಿಗೆ ಬರವೇ? ಒಂದೇ ಊರು, ಒಂದೇ ಹೆಸರು, ತಂದೆ ಹೆಸರೂ ಒಂದೇ. ಸರ್ವೆ ನಂಬರ್ ಮಾತ್ರ ಬೇರೆ. ಸಾಲ ಒಬ್ಬರದು, ಪಹಣಿಯ 11ನೇ ಕಾಲಂನಲ್ಲಿ ಬೋಜಾ (ಸಾಲದ ಋಣಭಾರ) ಕೂತಿದ್ದು ಇನ್ನೊಬ್ಬರ ಹೊಲದ ಮೇಲೆ. ಆ ಮನುಷ್ಯ ಮಗಳ ಲಗ್ನಕ್ಕೆ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗಲೇ ಗೊತ್ತಾಗಿದ್ದು. ಇಂಥದ್ದನ್ನು ತಡೆಯೋ ಕುರ್ಚಿ ಕಾನೂನು ಸಹಾಯಕನದು. ಅಪ್ಪನಿಗೆ ಇದನ್ನು ಹೇಳಿ ನೋಡಿ.

ತೊಗರಿ ಹೊಲ
ತುಂಬಾ ಥ್ಯಾಂಕ್ಸ್ ಸರ್. ನಾನು ತಮ್ಮ ಅಲ್ಲ, ತಂಗಿ 🙂

ಹಳೇ ಗುಮಾಸ್ತ
ಸರಿ ತಂಗೀ. ಹಾಗಾದರೆ ಇನ್ನೂ ಒಳ್ಳೇದು. ನಮ್ಮ ಶಾಖೆಯಲ್ಲಿ ಲೆಕ್ಕ ಚೊಕ್ಕಟ ಇಟ್ಟವರೆಲ್ಲ ಹೆಣ್ಣುಮಕ್ಕಳೇ.

ಕ್ವಾರಿ ಧೂಳು
ಗುಮಾಸ್ತ ಕಾಕಾ, ಮಾತು ಚಂದ ಇದೆ. ಆದರೆ ನಮ್ಮ ಸೋದರಮಾವನ ಕಥೆ ಕೇಳಿ. ಗೆಳೆಯನೊಬ್ಬ ಸ್ವಯಂ ಉದ್ಯೋಗಕ್ಕೆ ಸರ್ಕಾರಿ ನಿಗಮದಲ್ಲಿ ಸಾಲ ತೆಗೆದ, ಇವರು ಜಾಮೀನು ಹಾಕಿದರು. ಗೆಳೆಯ ಪುಣೆಗೆ ಹೋಗಿ ಕೂತ. ಈಗ ನೋಟಿಸ್ ಬಂದಿದ್ದು ಮಾವನಿಗೆ, ಅಸಲಿಗಿಂತ ಬಡ್ಡಿನೇ ಜಾಸ್ತಿ. ಕಚೇರಿಗೆ ಹೋದರೆ "ಮೊದಲು ಕಟ್ಟಿ, ಆಮೇಲೆ ಮಾತು" ಅಂದರಂತೆ. ದೊಡ್ಡ ಕ್ವಾರಿ ಮಾಲೀಕರ ರಾಯಲ್ಟಿ ಬಾಕಿಗೆ ಯಾರೂ ಇಷ್ಟು ಜೋರಾಗಿ ಮಾತಾಡಲ್ಲ ಅಲ್ವಾ? ಶಹಾಬಾದ್ ಕಲ್ಲಿನ ಊರಿನವನು ನಾನು, ಕಣ್ಣಾರೆ ನೋಡಿದ್ದೀನಿ.

ಕೋರ್ಟ್ ರೋಡ್ ಕಾಫಿ
ತಮ್ಮಾ, ಜಾಮೀನಿನ ವಿಷಯದಲ್ಲಿ ಕಾನೂನು ಕಠಿಣವೇ ಇದೆ. ಕರಾರು ಕಾಯ್ದೆ 128ನೇ ಕಲಂ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಮೊದಲು ಸಾಲಗಾರನ ಬೆನ್ನು ಹತ್ತಿ, ಆಮೇಲೆ ನನ್ನ ಹತ್ತಿರ ಬನ್ನಿ ಅಂತ ಮಾವ ಹೇಳೋಕೆ ಆಗಲ್ಲ. ಕರಾರಿನಲ್ಲೇ ಹಾಗೆ ಬರೆದಿದ್ದರೆ ಮಾತ್ರ ಬೇರೆ.
ಆದರೆ "ಮೊದಲು ಕಟ್ಟಿ" ಅಂತ ಬಾಯಲ್ಲಿ ಹೇಳಿದರೆ ಸುಮ್ನೆ ಕಟ್ಟಬೇಕಿಲ್ಲ. ಬಿಳಿ ಹಾಳೆಯಲ್ಲಿ ಅರ್ಜಿ ಕೊಡಲಿ: ಸಾಲದ ಖಾತೆಯ ಪೂರ್ತಿ ಲೆಕ್ಕ, ಜಾಮೀನು ಪತ್ರದ ನಕಲು, ಕೊನೆಯ ಕಂತು ಬಂದ ದಿನ. ಆವಕದಲ್ಲಿ ಸೀಲ್ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಲಿ. ಕೊನೆಯ ಕಂತಿನ ದಿನ ಯಾಕೆ ಅಂದರೆ ಕಾಲಮಿತಿ ಎಣಿಸೋದು ಅಲ್ಲಿಂದ ಇರಬಹುದು. ನಿಗಮದವರು ಕೆಲವೊಮ್ಮೆ "ಸರ್ಕಾರಕ್ಕೆ 30 ವರ್ಷ ಇದೆ" ಅಂತ ಹೆದರಿಸುತ್ತಾರೆ. ಲಿಮಿಟೇಶನ್ ಕಾಯ್ದೆಯ 112ನೇ ಆರ್ಟಿಕಲ್‌ನ ಆ 30 ವರ್ಷ ಕೇಂದ್ರ ಅಥವಾ ರಾಜ್ಯ ಸರ್ಕಾರ ತಾನೇ ದಾವೆ ಹಾಕಿದಾಗ. ನಿಗಮ ಬೇರೆ, ಸರ್ಕಾರ ಬೇರೆ. ನಿಗಮದ ಸಾದಾ ಸಾಲಕ್ಕೆ ಸಾಮಾನ್ಯವಾಗಿ 3 ವರ್ಷವೇ, ಜಮೀನು ಅಡಮಾನ ಇದ್ದರೆ ಅದರ ಮೇಲಿನ ದಾವೆಗೆ 12.

ಕ್ವಾರಿ ಧೂಳು
ಆದರೆ ಇವರು ದಾವೆ ಹಾಕಿಲ್ಲವಲ್ಲ ಅಣ್ಣಾ. ಭೂ ಕಂದಾಯದ ಬಾಕಿ ಅಂತ, ಅಂದರೆ ಕೋರ್ಟಿಗೆ ಹೋಗದೇ ಕಂದಾಯ ಇಲಾಖೆ ಮೂಲಕವೇ, ವಸೂಲು ಮಾಡ್ತೀವಿ ಅಂತ ಬರೆದಿದ್ದಾರೆ. ಅದಕ್ಕೆ ಕಾಲಮಿತಿ ಇಲ್ಲ ಅಂತಾರೆ.

ಹಳೇ ಗುಮಾಸ್ತ
ಈ ಮಾತನ್ನು ನನ್ನ ಮೇಲಿನವರೂ ಹೇಳುತ್ತಿದ್ದರು. 1999ರಲ್ಲಿ ಸುಪ್ರೀಂ ಕೋರ್ಟ್ ಕೇರಳ ಸರ್ಕಾರ ವಿರುದ್ಧ ಕಲ್ಯಾಣಿಕುಟ್ಟಿ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಅದು ಕೇರಳದ ವಸೂಲಾತಿ ಕಾಯ್ದೆಯ ಮೇಲೆ ಬಂದ ತೀರ್ಪು. ಆದರೆ ತತ್ವ ಎಲ್ಲ ಕಡೆ ಹೇಳುವಂಥದ್ದು. ಕೋರ್ಟಿನಲ್ಲಿ ದಾವೆ ಹಾಕಿದರೆ ಅವಧಿ ಮೀರಿದೆ ಅಂತ ಬಿದ್ದುಹೋಗುವ ಸಾಲವನ್ನು ಕಂದಾಯದ ಬಾಕಿ ಅನ್ನೋ ಹಿಂಬಾಗಿಲಿನಿಂದ ವಸೂಲು ಮಾಡೋಕೆ ಆಗಲ್ಲ. ಈ ಕಾಯ್ದೆಗಳು ಜಲ್ದಿ ವಸೂಲು ಮಾಡೋ ದಾರಿ ಕೊಡುತ್ತವೆ, ಸತ್ತ ಬಾಕಿಗೆ ಜೀವ ಕೊಡಲ್ಲ.
ತಂಗೀ, ನೀನು ಸೇರಿದರೆ ಮೊದಲ ವಾರವೇ ಇದು ಎದುರಾಗುತ್ತದೆ. ಯಾರೋ ಫೀಲ್ಡಿನವರು ಬಾಕಿದಾರನಿಂದ "ಬಾಕಿ ಇರುವುದು ನಿಜ" ಅಂತ ಬರೆಸಿಕೊಂಡು ಬರುತ್ತಾರೆ. ಹಿಗ್ಗಬೇಡ. ತಾರೀಖು ನೋಡು. ಅವಧಿ ಮುಗಿಯುವ ಮೊದಲು ಬರೆದಿದ್ದರೆ ಲಿಮಿಟೇಶನ್ ಕಾಯ್ದೆಯ 18ನೇ ಕಲಂ ಪ್ರಕಾರ ಅಲ್ಲಿಂದ ಹೊಸ ಅವಧಿ ಶುರು. ಮುಗಿದ ಮೇಲೆ ಬರೆದಿದ್ದರೆ ಆ ಕಲಂ ಕೆಲಸಕ್ಕೆ ಬರೋದಿಲ್ಲ. ತಾರೀಖು ಹಾಕದೇ ಬರೆಸಿಕೊಂಡು ಬಂದು "ನೀವೇ ಹಾಕಿಕೊಳ್ಳಿ ಮೇಡಂ" ಅನ್ನೋರೂ ಇದ್ದಾರೆ. ಅಂಥವರಿಗೆ ಹಾಳೆ ವಾಪಸ್ ಕೊಟ್ಟುಬಿಡಬೇಕು.

ಔರಾದ್ ಅಕ್ಕ
ನಾನು ಬೀದರ್ ಕಡೆಯವಳು. ವಸೂಲಾತಿ ಟೇಬಲ್ಲಿನಲ್ಲೇ ಇದ್ದೀನಿ, ಇದಕ್ಕಿಂತ ಹೆಚ್ಚು ಗುರುತು ಹೇಳಲ್ಲ. ನಮ್ಮಲ್ಲಿ ದೊಡ್ಡ ತಲೆನೋವು ಗಡಿ. ಬಾಕಿದಾರನ ಹೊಲ ಔರಾದ್‌ನಲ್ಲಿ, ಮನೆ ಉದಗೀರಿನಲ್ಲಿ, ಅಂಗಡಿ ಜಹೀರಾಬಾದಿನಲ್ಲಿ. ಒಂದು ಕರ್ನಾಟಕ, ಒಂದು ಮಹಾರಾಷ್ಟ್ರ, ಒಂದು ತೆಲಂಗಾಣ. ನಮ್ಮ ತಹಸೀಲ್ದಾರರ ಕೈ ಗಡಿ ದಾಟಲ್ಲ.
ಇದಕ್ಕೆ 1890ರ ರೆವೆನ್ಯೂ ರಿಕವರಿ ಕಾಯ್ದೆ ಇದೆ. ಬ್ರಿಟಿಷರ ಕಾಲದ್ದು, ಇವತ್ತಿಗೂ ನಡೆಯುತ್ತದೆ. 3ನೇ ಕಲಂ ಅಡಿ ಬೀದರ್ ಜಿಲ್ಲಾಧಿಕಾರಿ ಲಾತೂರ್ ಜಿಲ್ಲಾಧಿಕಾರಿಗೆ ಸರ್ಟಿಫಿಕೇಟ್ ಕಳಿಸಬೇಕು. ಕಲೆಕ್ಟರಿಂದ ಕಲೆಕ್ಟರಿಗೆ. ನಿಗಮದ ಮ್ಯಾನೇಜರ್ ತಾನೇ ಲೆಟರ್‌ಹೆಡ್‌ನಲ್ಲಿ ಲಾತೂರಿಗೆ ಬರೆದರೆ ಅದಕ್ಕೆ ಬೆಲೆ ಇಲ್ಲ. ಹೀಗೆ ಬರೆದ ಪತ್ರಗಳು ಉತ್ತರವೇ ಇಲ್ಲದೆ ಕಡತದಲ್ಲಿ ಕೊಳೆಯುತ್ತಿರುತ್ತವೆ. ಆಡಿಟ್‌ನವರು ಕೇಳಿದಾಗ "ಪತ್ರ ವ್ಯವಹಾರದಲ್ಲಿದೆ" ಅಂತ ಉತ್ತರ.
ನಾನು ಸರ್ಟಿಫಿಕೇಟಿನ ಜೊತೆ ಒಂದು ಪುಟ ಮರಾಠಿ ಸಾರಾಂಶ ಇಡ್ತೀನಿ. ನಿಯಮದಲ್ಲಿ ಎಲ್ಲೂ ಇಲ್ಲ. ಆದರೆ ಅಲ್ಲಿಯ ಗುಮಾಸ್ತನೂ ಮನುಷ್ಯನೇ ಅಲ್ವಾ, ಓದೋಕೆ ಬಂದ ಕಾಗದ ಮೊದಲು ಮೇಲೆ ಬರುತ್ತದೆ. ನಮ್ಮ ಬೀದರ್ ಮಂದಿಗೆ ಮರಾಠಿ, ಉರ್ದು, ತೆಲುಗು ಬಾಯಿಗೆ ಬರುತ್ತವೆ. ಈ ಕೆಲಸದಲ್ಲಿ ಅದು ಡಿಗ್ರಿಗಿಂತ ಜಾಸ್ತಿ ಉಪಯೋಗ.
ಬಾಕಿ ನನ್ನದಲ್ಲ ಅನ್ನುವವರಿಗೂ ಅದೇ ಕಾಯ್ದೆಯ 4ನೇ ಕಲಂ ಇದೆ. ತಕರಾರು ಅಂತ ಬರೆದು ಸಹಿ ಮಾಡಿ ರೊಕ್ಕ ಕಟ್ಟಬೇಕು, ಆಮೇಲೆ ವಾಪಸ್ ಕೇಳಿ ದಾವೆ ಹಾಕಬಹುದು. ತಕರಾರು ಪತ್ರ ಕೊಡದೇ ಕಟ್ಟಿದವರು ಆಮೇಲೆ ಪರದಾಡುತ್ತಾರೆ.

ಬಿಸಿಲು ಸಾಕು
ಅಕ್ಕಾ, ಇಷ್ಟೆಲ್ಲ ಮಾಡಿ ವಸೂಲು ಆಗುತ್ತದಾ?

ಔರಾದ್ ಅಕ್ಕ
ಕೆಲವು ಆಗುತ್ತವೆ. ಆಗದ್ದಕ್ಕೆ ಕಾರಣ ಬರೆಯೋದೇ ನಮ್ಮ ಅರ್ಧ ಜೀವನ.

ಗುರುಮಠಕಲ್ ಗಾಳಿ
ಯಾದಗಿರಿ ಕಡೆಯಿಂದ ನಾನು. ಜಪ್ತಿ ಬಗ್ಗೆ ಕೇಳಿದ್ದೀರಲ್ಲ. ಕಂದಾಯ ಇಲಾಖೆಯವರ ಜೊತೆ ಪಂಚನಾಮೆಗೆ ಹೋಗಿದ್ದೇನೆ, ಕಾಗದ ಸರಿಯಾಗಿ ಬರೆಸೋಕೆ. ಸಿನಿಮಾದಲ್ಲಿ ತೋರಿಸಿದ ಹಾಗೆ ಪಾತ್ರೆ ಪಗಡೆ ಹೊರಗೆ ಎಸೆಯೋದೆಲ್ಲ ಇಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಕಲಂ ಬಾಯಿಪಾಠ ಮಾಡಿಕೊಳ್ಳಿ. ಕೋರ್ಟ್ ಡಿಕ್ರಿಯಲ್ಲೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸಬುದಾರನ ಸಲಕರಣೆ, ರೈತನ ಉಳುಮೆ ಸಾಮಾನು, ಎತ್ತು, ಬಿತ್ತನೆ ಬೀಜ ಇವನ್ನು ಮುಟ್ಟುವಂತಿಲ್ಲ. ಸರ್ಕಾರಿ ನಿವೃತ್ತರ ಪಿಂಚಣಿಯನ್ನೂ ಮುಟ್ಟುವಂತಿಲ್ಲ.
ಅರೆಸ್ಟ್ ಮಾಡಿಸ್ತೀವಿ ಅಂತ ಹೆದರಿಸೋದು ಇದೆಯಲ್ಲ, ಅದನ್ನು ಕಲಿಯಬೇಡಿ. ಕೈಯಲ್ಲಿ ಇಲ್ಲದವನನ್ನು ಬರೀ ಸಾಲ ಕಟ್ಟಿಲ್ಲ ಅಂತ ಒಳಗೆ ಹಾಕೋಕೆ ಆಗಲ್ಲ ಅಂತ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದ್ದೂ ಕೊಡದವನ ಮಾತು ಬೇರೆ. ಹಣದ ಡಿಕ್ರಿಗೆ ಹೆಂಗಸರನ್ನಂತೂ ಅರೆಸ್ಟ್ ಮಾಡುವಂತೆಯೇ ಇಲ್ಲ, ಅದೇ ಸಿವಿಲ್ ಕೋಡಿನ 56ನೇ ಕಲಂ.
ಜಮೀನು ಹರಾಜಿಗೆ ಹಾಕುವ ಮೊದಲು ಮಂಜೂರಿ ಜಮೀನಾ ಅಂತ ನೋಡಿ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾದರೆ ಅಂಥ ಜಮೀನಿನ ಮಾರಾಟಕ್ಕೆ ನಿರ್ಬಂಧ ಹಾಕುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ನಿಲ್ಲುತ್ತದೆ. ಅಧಿಕಾರಿಯ ಆದೇಶದ ಮೇಲೆ ಆಗುವ ಮಾರಾಟಕ್ಕೂ ಆ ನಿರ್ಬಂಧ ಅನ್ವಯ. ಕಡತದಲ್ಲಿ ಬರೀ ಪಹಣಿ ಇಟ್ಟು ಹರಾಜು ನೋಟಿಸ್ ತಯಾರು ಮಾಡಿದ್ದನ್ನು ನೋಡಿದ್ದೇನೆ. ಮಂಜೂರಿ ಆದೇಶ ಯಾರೂ ಕೇಳಿಯೇ ಇರಲಿಲ್ಲ. ಹಳ್ಳಿಯ ವಾಲೀಕಾರನಿಗೆ ಮಾತ್ರ ಗೊತ್ತಿತ್ತು. ಅವನು ಡಂಗುರ ಹೊಡೆಯೋಕೆ ಬಂದಾಗ "ಸಾಹೇಬ್ರೇ, ಇದು ಸರ್ಕಾರ ಕೊಟ್ಟ ಹೊಲ ಅಲ್ಲೇನ್ರೀ" ಅಂದ. ಹರಾಜು ಅಲ್ಲಿಗೇ ನಿಂತಿತು.
ಮತ್ತೆ ನೋಟಿಸ್ ಯಾವಾಗ ಕಳಿಸ್ತೀರಿ ಅನ್ನೋದೂ ಮುಖ್ಯ. ಮಾರ್ಚ್ ಗುರಿ ಅಂತ ಕಚೇರಿಯಲ್ಲಿ ಫೆಬ್ರವರಿ ಕೊನೆಗೆ ಎಚ್ಚರ ಆಗುತ್ತದೆ. ತೊಗರಿ ರಾಶಿ ಆಗೋದು ಡಿಸೆಂಬರ್, ಜನವರಿಯಲ್ಲಿ. ರೈತನ ಕೈಯಲ್ಲಿ ರೊಕ್ಕ ಇರೋ ದಿನ ಬಿಟ್ಟು, ಖರ್ಚಾದ ಮೇಲೆ ಹೋಗಿ ಕೇಳಿದರೆ ಏನು ಕೊಡ್ತಾನೆ?

ದಾಲ್ ಮಿಲ್
ರೈತರದೇ ಮಾತಾಯ್ತು. ವ್ಯಾಪಾರಿಗಳ ಕಥೆ ಬೇರೆ. ಜಿಎಸ್‌ಟಿಯವರು ಮನೆಗೆ ಬರೋದೇ ಇಲ್ಲ. ಆದೇಶ ಮುಟ್ಟಿ ಮೂರು ತಿಂಗಳು ಆದ ಮೇಲೆ 79ನೇ ಕಲಂ ಅಡಿ ನೇರವಾಗಿ ಬ್ಯಾಂಕಿಗೇ ನೋಟಿಸ್. ನಮಗೆ ಸರಕು ತಗೊಂಡು ದುಡ್ಡು ಕೊಡಬೇಕಾದವರಿಗೂ ಕಳಿಸ್ತಾರೆ. ಬೆಳಿಗ್ಗೆ ಹಮಾಲರಿಗೆ ಕೊಡೋಕೆ ಖಾತೆಯಿಂದ ತೆಗೆಯಲು ಹೋದಾಗ ಗೊತ್ತಾಗುತ್ತದೆ. ಆದೇಶ ಪೋರ್ಟಲ್‌ನಲ್ಲಿ ಹಾಕಿದ್ದೀವಿ ಅಂತಾರೆ. ನಮ್ಮ ಅಕೌಂಟೆಂಟ್ ಬಿಟ್ಟು ಹೋಗಿದ್ದ, ಪೋರ್ಟಲ್ ಯಾರು ನೋಡಬೇಕು?

ಕೋರ್ಟ್ ರೋಡ್ ಕಾಫಿ
ಪೋರ್ಟಲ್ ನೀವೇ ನೋಡಬೇಕು ಸೇಠ್‌ಜಿ, ಅದರಲ್ಲಿ ನಿಮ್ಮ ಪರ ಮಾತಾಡೋಕೆ ಆಗಲ್ಲ. ಪೋರ್ಟಲ್‌ನಲ್ಲಿ ಹಾಕೋದನ್ನೂ ಕಾನೂನು ಆದೇಶ ಮುಟ್ಟಿಸುವ ಒಂದು ದಾರಿ ಅಂತಲೇ ಒಪ್ಪಿದೆ.

ಹಳೇ ಗುಮಾಸ್ತ
ತಂಗಿಯ ಅಪ್ಪನ ಮಾತಿಗೆ ಇನ್ನೊಂದು ಉತ್ತರ ಬಾಕಿ ಇತ್ತು. ಭೂ ಕಂದಾಯದ ಬಾಕಿ ಅಂತ ವಸೂಲಿಗೆ ಬರೋದೆಲ್ಲ ಸರ್ಕಾರದ ರೊಕ್ಕ ಅಲ್ಲ. ಮೋಟಾರು ಅಪಘಾತದ ನ್ಯಾಯಮಂಡಳಿ ಪರಿಹಾರ ಕೊಡಿಸಿ, ಎದುರು ಪಾರ್ಟಿ ಕಟ್ಟದಿದ್ದರೆ ಮೋಟಾರು ವಾಹನ ಕಾಯ್ದೆಯ 174ನೇ ಕಲಂ ಅಡಿ ಸರ್ಟಿಫಿಕೇಟ್ ಜಿಲ್ಲಾಧಿಕಾರಿಗೇ ಬರುತ್ತದೆ. ಬಿಲ್ಡರ್ ಮನೆ ಕೊಡದೇ ಸತಾಯಿಸಿದರೆ ರೇರಾದಿಂದ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಿಂದ) ಬರುತ್ತದೆ. ನನ್ನ ಕಾಲದಲ್ಲಿ 1972ರ ಗ್ರಾಚ್ಯುಟಿ ಕಾಯ್ದೆಯ 8ನೇ ಕಲಂ ಅಡಿ ಬಂದ ಸರ್ಟಿಫಿಕೇಟುಗಳನ್ನು ನಾನೇ ನೋಡಿದ್ದೇನೆ. ಜೀವನವೆಲ್ಲ ದುಡಿದ ಕಾರ್ಮಿಕ, ಮಾಲೀಕ ಗ್ರಾಚ್ಯುಟಿ ಕೊಟ್ಟಿಲ್ಲ. ಆ ಕಡತ ನಮ್ಮ ಟೇಬಲ್ ಮೇಲೆ ಧೂಳು ತಿನ್ನುತ್ತಿದ್ದರೆ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗೋದು ಯಾರಿಗೆ? ನನ್ನ ಕೇಳಿದರೆ ಅಂಥ ಕಡತಗಳಿಗೆ ಬಣ್ಣದ ಚೀಟಿ ಹಚ್ಚಿ ಮೇಲೆ ಇಡು. ಕಚೇರಿ ತನ್ನ ಗುರಿಯ ಹಿಂದೆ ಓಡುವಾಗ ಮೊದಲು ಕೆಳಗೆ ಹೋಗೋದು ಇವೇ.
ಕ್ವಾರಿ ಧೂಳು ತಮ್ಮನಿಗೆ: ರಾಯಲ್ಟಿ ಬಾಕಿಯೂ ಭೂ ಕಂದಾಯದ ಬಾಕಿಯಂತೆಯೇ ವಸೂಲು. ಕಾನೂನಿನಲ್ಲಿ ತಾರತಮ್ಯ ಇಲ್ಲ. ಆದರೆ ದೊಡ್ಡವರು ಮರುದಿನವೇ ಹೈಕೋರ್ಟಿಗೆ ಹೋಗಿ ತಡೆ ತರುತ್ತಾರೆ, ಅದು ನಿಜ.

ಪೀಠದ ಮೆಟ್ಟಿಲು
ತಡೆಯ ಮಾತು ಬಂತು ಅಂತ ನಾನೂ ಬಂದೆ. ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಸರ್ಕಾರದ ಪರ ಕಡತ ಓಡಾಡಿಸೋರಲ್ಲಿ ಒಬ್ಬ. 2008ಕ್ಕೆ ಮೊದಲು ಒಂದು ತಡೆ ತೆರವು ಮಾಡಿಸೋಕೂ ಕಡತ ಹಿಡಿದು ಬೆಂಗಳೂರಿನ ರೈಲು ಹತ್ತಬೇಕಿತ್ತು. ಆ ವರ್ಷ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯ್ತು. ಈಗ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ್ದೆಲ್ಲ ಇಲ್ಲೇ. ಹಾಗಿದ್ದರೂ ಕಡತ ಮಾತ್ರ ರೈಲಿನ ಕಾಲದಷ್ಟೇ ನಿಧಾನ.
ನೋಟಿಸ್ ಪ್ರಶ್ನಿಸಿ ಹೈಕೋರ್ಟಿಗೆ ರಿಟ್ ಅರ್ಜಿ ಬಂದ ಕೂಡಲೇ ಸರ್ಕಾರಿ ವಕೀಲರು ಪ್ಯಾರಾವೈಸ್ ರಿಮಾರ್ಕ್ಸ್, ಅಂದರೆ ಅರ್ಜಿಯ ಒಂದೊಂದು ಪ್ಯಾರಾಕ್ಕೂ ಕಚೇರಿಯ ಉತ್ತರ, ಕೇಳುತ್ತಾರೆ. ಅದನ್ನು ಬರೆಯೋದು ಕಾನೂನು ಸಹಾಯಕರೇ. ಅಲ್ಲಿಂದ ಬರೋದು ಹೇಗಿರುತ್ತೆ ಗೊತ್ತಾ? "ಪ್ಯಾರಾ 1: ನಿಜ. ಪ್ಯಾರಾ 2ರಿಂದ 14: ಅರ್ಜಿದಾರರ ಹೇಳಿಕೆ ಸತ್ಯಕ್ಕೆ ದೂರ." ಮುಗೀತು. ಪ್ಯಾರಾ 6ರಲ್ಲಿ ಅವನು "ನನಗೆ ನೋಟಿಸೇ ಬಂದಿಲ್ಲ" ಅಂದಿರುತ್ತಾನೆ. ನಮಗೆ ಬೇಕಾಗಿದ್ದು ಯಾವ ದಿನ, ಯಾವ ಅಂಚೆಯಲ್ಲಿ ಹೋಯಿತು, ರಸೀದಿ ನಂಬರ್ ಏನು, ಕವರ್ ವಾಪಸ್ ಬಂದಿದ್ದರೆ ಅದರ ಮೇಲೆ ಪೋಸ್ಟ್‌ಮ್ಯಾನ್ ಏನು ಬರೆದ ಅನ್ನೋದು. "ತೆಗೆದುಕೊಳ್ಳಲು ನಿರಾಕರಿಸಿದರು" ಅಂತ ಬರೆದಿದ್ದರೆ ಮುಟ್ಟಿದಂತೆಯೇ ಅಂತ ವಾದ ಮಾಡಬಹುದು. "ವಿಳಾಸ ಸಾಲದು" ಅಂತಿದ್ದರೆ ಏನು ವಾದ ಮಾಡಲಿ? ಎರಡಕ್ಕೂ ಕಚೇರಿಯ ಜಾವಕ ರಿಜಿಸ್ಟರಿನಲ್ಲಿ ಒಂದೇ ಷರಾ, "ಕಳಿಸಲಾಗಿದೆ". ವಾಪಸ್ ಬಂದ ಕವರನ್ನು ಹರಿದು ಒಗೆಯಬೇಡಿ. ಒಡೆಯಲೂ ಬೇಡಿ, ಹಾಗೇ ಕಡತಕ್ಕೆ ಹೊಲಿಯಿರಿ.
ದೊಡ್ಡ ಮೊತ್ತದ ನೋಟಿಸ್ ಆದರೆ ಮೊದಲೇ ಕೇವಿಯಟ್ (ನಮ್ಮನ್ನು ಕೇಳದೇ ತಡೆ ಕೊಡಬೇಡಿ ಅನ್ನೋ ಅರ್ಜಿ) ಹಾಕಿಸಿ. 90 ದಿನ ನಡೆಯುತ್ತದೆ. ಮುಗಿಯೋ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಶಾಹಬಜಾರ್ ಚಾಚಾ
ಬೇಟಿ, ನಮ್ಮ ಭಾಗದ ಒಂದು ಸಂಗತಿ ಯಾರೂ ಹೇಳಲಿಲ್ಲ. ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿದೆ. 1317 ಫಸಲಿಯ ಹೈದರಾಬಾದ್ ಭೂ ಕಂದಾಯ ಕಾಯ್ದೆ ಇಲ್ಲಿ ನಡೆದದ್ದು 1964ರ ಕರ್ನಾಟಕ ಕಾಯ್ದೆ ಬರೋವರೆಗೆ. ಫಸಲಿ ಅಂದರೆ ಆಗಿನ ಕಂದಾಯ ವರ್ಷ, ಅದಕ್ಕೆ 590 ಕೂಡಿಸಿದರೆ ಇಸವಿ ಹತ್ತಿರ ಹತ್ತಿರ ಸಿಗುತ್ತದೆ. ಜಮೀನು ಜಪ್ತಿ ಮಾಡಿದಾಗ ಅಣ್ಣತಮ್ಮಂದಿರು "ಇದು ಅವನೊಬ್ಬನದಲ್ಲ, ಅಜ್ಜನ ಆಸ್ತಿ" ಅಂತ ತಕರಾರು ತರುತ್ತಾರೆ. ಆಗ ಹೊಲ ಯಾರ ಹೆಸರಲ್ಲಿತ್ತು ಅಂತ ನೋಡೋಕೆ 1954-55ರ ಖಾಸ್ರಾ ಪಹಣಿ ತೆಗೆಯಬೇಕು. ಅದಕ್ಕೂ ಹಿಂದೆ ಹೋದರೆ ಉರ್ದು ಓದೋರೇ ಬೇಕು. ನಾನು ಅನುವಾದ ಮಾಡಿಕೊಡ್ತಿದ್ದೆ. ಈಗ ಕಣ್ಣು ಮಂದ. ಓದೋ ಹುಡುಗರು ಸಿಗಲ್ಲ. ನೀನು ಕಲಿತರೆ ನಿನ್ನನ್ನು ಯಾರೂ ಬಿಡೋದಿಲ್ಲ.

ಕೋರ್ಟ್ ರೋಡ್ ಕಾಫಿ
ಕೊನೆಗೆ ತಂಗಿ ಕೇಳಿದ "ಮುಂದೆ ಉಪಯೋಗ ಇದೆಯಾ" ಅನ್ನೋದು. ಇದನ್ನು ಸರಿಯಾಗಿ ಯೋಚನೆ ಮಾಡಿ. ಪೂರ್ಣಾವಧಿ ಸಂಬಳದ ನೌಕರಿ ಆದರೆ ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ವಕೀಲಿಕೆ ನಿಲ್ಲಿಸಬೇಕು, ಪರಿಷತ್ತಿಗೆ ತಿಳಿಸಬೇಕು. ಸಿವಿಲ್ ಜಡ್ಜ್ ಪರೀಕ್ಷೆಯ ಆಸೆ ಇದ್ದರೆ ಇದು ದೊಡ್ಡ ವಿಷಯ. 2025ರ ಮೇ 20ರಂದು ಸುಪ್ರೀಂ ಕೋರ್ಟ್ 3 ವರ್ಷದ ವಕೀಲಿಕೆ ಕಡ್ಡಾಯ ಅಂತ ಮತ್ತೆ ತಂದಿದೆ. ಕಚೇರಿಯಲ್ಲಿ ಕಡತ ನೋಡಿದ ವರ್ಷಗಳನ್ನು ವಕೀಲಿಕೆ ಅಂತ ತೋರಿಸೋದು ಕಷ್ಟ. ಹಾಗಾಗಿ ನೇಮಕಾತಿ ಪತ್ರ ಕೈಗೆ ಬಂದಾಗ ನೋಡಿ: ಮಾಸಿಕ ಸಂಬಳವಾ, ಇಲ್ಲ ಪ್ಯಾನಲ್ ವಕೀಲರ ಹಾಗೆ ಕೇಸಿಗೆ ಇಷ್ಟು ಅಂತ ಫೀಸಾ? ಎರಡಕ್ಕೂ ಭಾಳ ವ್ಯತ್ಯಾಸ ಇದೆ. ನಾನಾಗಿದ್ದರೆ ಜಡ್ಜ್ ಆಗೋ ಆಸೆ ಇದ್ದಲ್ಲಿ 3 ವರ್ಷ ಮುಗಿಸಿಯೇ ಸೇರುತ್ತಿದ್ದೆ.

ಕ್ವಾರಿ ಧೂಳು
ಅಣ್ಣಾ, ಮಾವ ಅರ್ಜಿ ಕೊಟ್ಟರು, ಸೀಲ್ ಹಾಕಿಸಿದ್ದಾರೆ. ಲೋಕ ಅದಾಲತ್‌ಗೆ ಹಾಕಿಸಬಹುದಾ?

ಕೋರ್ಟ್ ರೋಡ್ ಕಾಫಿ
ಹಾಕಿಸಬಹುದು, ಕೇಸು ಇಲ್ಲದಿದ್ದರೂ ಆಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಲಿ. ಬಡ್ಡಿ ಇಳಿಸೋ ಮಾತು ಅಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಒಪ್ಪಿ ಸಹಿ ಮಾಡಿದರೆ ಅದು ಡಿಕ್ರಿ ಇದ್ದ ಹಾಗೆ, ಮೇಲ್ಮನವಿ ಇಲ್ಲ. ಲೆಕ್ಕದ ಪ್ರತಿ ಕೈಗೆ ಬಂದು ಕೊನೆಯ ಕಂತಿನ ದಿನ ಗೊತ್ತಾಗೋವರೆಗೆ ಎಲ್ಲೂ ಸಹಿ ಬೇಡ ಅಂತ ಮಾವನಿಗೆ ಹೇಳಿ.

ತೊಗರಿ ಹೊಲ
ಎಲ್ಲರಿಗೂ ಶರಣು. ನೇಮಕಾತಿ ಪತ್ರದ ಕರಡು ತರಿಸಿ ನೋಡಿದೆ, ಮಾಸಿಕ ಸಂಬಳವೇ. ಜಡ್ಜ್ ಪರೀಕ್ಷೆ ನನ್ನ ಮನಸ್ಸಿನಲ್ಲಿಲ್ಲ, ಸೇರ್ತೀನಿ ಅಂತ ಅಂದುಕೊಂಡಿದ್ದೇನೆ. ಅಪ್ಪನಿಗೆ ಗ್ರಾಚ್ಯುಟಿ ಮಾತು ಹೇಳಿದೆ. "ಹಾಗಾದರೆ ಆ ಕಡತ ಮೊದಲು ನೋಡು" ಅಂದರು, ಅಷ್ಟೇ. ಗುಮಾಸ್ತ ಸರ್, ಕಾಲಮಿತಿ ನೋಡಿಕೊಳ್ಳೋಕೆ ನೀವು ರಿಜಿಸ್ಟರ್ ಹೇಗೆ ಇಡುತ್ತಿದ್ದಿರಿ?

ಹಳೇ ಗುಮಾಸ್ತ
ಕಚೇರಿ ಕೊಡೋ ವಸೂಲಾತಿ ರಿಜಿಸ್ಟರಿನಲ್ಲಿ ಮೊತ್ತ ಇರುತ್ತದೆ, ದಿನ ಇರಲ್ಲ. ನಿನ್ನದೇ ಒಂದು ಉದ್ದ ಪುಸ್ತಕ ಮಾಡು. ಎಡಗಡೆ ಕಡತದ ನಂಬರ್, ಬಾಕಿದಾರ, ತಂದೆ ಹೆಸರು, ಸರ್ವೆ ನಂಬರ್. ಆಮೇಲೆ ಆದೇಶದ ದಿನ, ಅದು ಮುಟ್ಟಿದ ದಿನ, ಕೊನೆಯ ಸಲ ರೊಕ್ಕ ಬಂದ ದಿನ, ಲಿಖಿತವಾಗಿ ಒಪ್ಪಿಕೊಂಡ ದಿನ ಇದ್ದರೆ ಅದು. ಬಲಗಡೆ ಕೊನೆಗೆ ಅವಧಿ ಮುಗಿಯೋ ದಿನ, ಕೆಂಪು ಶಾಯಿಯಲ್ಲಿ. ಬಾಕಿದಾರ ತೀರಿಕೊಂಡಿದ್ದರೆ ವಾರಸುದಾರರಿಗೆ ಒಂದು ಕಾಲಂ ಬಿಡು. ಅವರು ಕೊಡಬೇಕಾಗಿದ್ದು ಸತ್ತವನ ಆಸ್ತಿ ಕೈಗೆ ಬಂದಷ್ಟಕ್ಕೆ ಮಾತ್ರ, ಅದನ್ನು ಫೀಲ್ಡಿನವರಿಗೆ ಪ್ರತಿ ಸಲ ನೆನಪಿಸಬೇಕಾಗುತ್ತದೆ.
ಕೆಂಪು ಕಾಲಂ ನೋಡೋಕೆ ತಿಂಗಳ ಮೊದಲ ಸೋಮವಾರ ಇಟ್ಟುಕೋ. ಏಪ್ರಿಲ್, ಮೇನಲ್ಲಿ ನಮ್ಮ ವಿಭಾಗದಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಅಲ್ವಾ, ಆ ಎರಡು ತಿಂಗಳು ಹೊಸ ಕೆಲಸ ಜಾಸ್ತಿ ಬರಲ್ಲ. ಹಳೇ ಕಡತದ ದಿನಗಳನ್ನೆಲ್ಲ ಆಗ ತುಂಬಿಸಿಬಿಡು.

ಔರಾದ್ ಅಕ್ಕ
ಕಾಕಾ, ಇದನ್ನು ನಾನೂ ನಕಲು ಮಾಡ್ಕೋತೀನಿ. ಜೊತೆಗೆ "ಯಾವ ರಾಜ್ಯ" ಅಂತ ಒಂದು ಕಾಲಂ.